ಹೆಸರು ಮುಚ್ಚಿದ ಮೂರು ಗಣಕಗಳು

ಒಂದು ಯಂತ್ರ ನಿಮಗೆ ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳುವ ಮೊದಲೇ, ಅದನ್ನು ಮಾಡಿದವರು ಎಷ್ಟು ದೊಡ್ಡವರು ಎಂದು ಕೇಳುವುದನ್ನು ನಿಮಗೆ ಯಾರು ಕಲಿಸಿದರು? ಶಾಲೆಯಲ್ಲಂತೂ ಯಾರೂ ಕಲಿಸಿರಲಾರರು.

ಹೊಸನಗರ ತಾಲ್ಲೂಕಿನ ನಿಟ್ಟೂರಿನಾಚೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಹದಿನಾಲ್ಕು ಗಣಕಗಳಿದ್ದವು. ಅವುಗಳನ್ನು ನಡೆಸುತ್ತಿದ್ದ ವಿಂಡೋಸ್ ಹತ್ತಕ್ಕೆ ತಯಾರಕರ ಬೆಂಬಲ ಎರಡು ಸಾವಿರದ ಇಪ್ಪತ್ತೈದರ ಅಕ್ಟೋಬರಿನಲ್ಲಿ ಮುಗಿಯಿತು. ಹೊಸ ವಿಂಡೋಸ್ ಆ ಹಳೆಯ ಯಂತ್ರಗಳಿಗೆ ಹೊಂದುವುದಿಲ್ಲ. ಸಾಗರದ ಗಣಕ ವ್ಯಾಪಾರಿ ಗಿರಿಧರ ಬಂದು ನೋಡಿ, ಎಲ್ಲವನ್ನೂ ಗುಜರಿಗೆ ಹಾಕಿ ಎಂದ. ಹಳೆಯ ವಿದ್ಯಾರ್ಥಿಗಳ ದೇಣಿಗೆಯ ಹಣಕ್ಕೆ ಬರುವ ಹೊಸ ಗಣಕಗಳು ಮೂರೇ. ನೂರ ಹನ್ನೆರಡು ಮಕ್ಕಳಿಗೆ ಮೂರು!

ಗಣಿತದ ಶಿಕ್ಷಕಿ ಪ್ರತಿಮಾ ಒಪ್ಪಲಿಲ್ಲ. ದೀಪಾವಳಿ ರಜೆಯಲ್ಲಿ ಶಾಲೆಗೆ ಬಂದು ಕುಳಿತು, ಹದಿನಾಲ್ಕಕ್ಕೂ ವಿಂಡೋಸಿನ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಅಳವಡಿಸಿದರು. ತೆರೆಯ ಮೇಲಿನ ಸೂಚನೆಗಳೆಲ್ಲ ಕನ್ನಡದಲ್ಲಿ ಬರುವಂತೆ ಮಾಡಿದರು. ಬಳಿಕ ಶಾಲಾಭಿವೃದ್ಧಿ ಸಮಿತಿಯ ಸಭೆ ಸೇರಿತು.

“ಟೀಚರ್, ಮಾರ್ಕೆಟ್ಟಲ್ಲಿ ನೂರಕ್ಕೆ ಎಪ್ಪತ್ತು ವಿಂಡೋಸು. ಚಂದ ಬೇಕು ಅನ್ನೋರಿಗೆ ಮ್ಯಾಕು. ನಿಮ್ಮ ಲಿನಕ್ಸು ಹುಡುಕಿದ್ರೆ ನಾಲ್ಕೋ ಐದೋ,” ಎಂದು ಗಿರಿಧರ ನಕ್ಕ. “ಪುಕ್ಸಟ್ಟೆ ಸಿಕ್ಕಿದ್ದನ್ನ ಮಕ್ಕಳಿಗೆ ಕಟ್ತೀರಾ?”

“ನಿಮ್ಮ ಜೇಬಲ್ಲಿರೋ ಆಂಡ್ರಾಯ್ಡ್ ಫೋನಿನ ಬುಡದಲ್ಲೂ ಲಿನಕ್ಸೇ ಇರೋದು, ಗಿರಿಧರ್.”

“ಫೋನ್ ಬೇರೆ, ಮೇಜಿನ ಮೇಲಿಂದು ಬೇರೆ.”

ಸಮಿತಿಯ ಅಧ್ಯಕ್ಷರು ಮಂಜುನಾಥಪ್ಪ. ಭೂಸುಧಾರಣೆಯಲ್ಲಿ ತಂದೆಗೆ ದಕ್ಕಿದ ಗೇಣಿಯ ಜಮೀನಿನ ಅಡಿಕೆಯನ್ನು ಮೂವತ್ತು ವರ್ಷಗಳಿಂದ ಮಂಡಿಗೆ ಹಾಕುತ್ತ ಬಂದವರು. ಅವರು ಕೈಯೆತ್ತಿ ತಡೆದರು.

“ಸಾಕು ಮಾರಾಯ. ಮಂಡೀಲಿ ಅಡಿಕೆಗೆ ಬೆಳೆದೋನ ಹೆಸ್ರು ನೋಡಿ ರೇಟು ಹಾಕ್ತಾರಾ? ಚೀಲದ ಮೇಲೆ ಬರೀ ನಂಬ್ರ. ಕತ್ತರಿಸಿ ನೋಡ್ತಾರೆ, ಚೀಟೀಲಿ ರೇಟು ಬರೀತಾರೆ. ಇಲ್ಲೂ ಹಂಗೇ ಮಾಡನ.”

“ಕಂಪ್ಯೂಟರ್ ಅಂದ್ರೆ ಅಡಿಕೆನಾ ಅಧ್ಯಕ್ಷ್ರೇ?”

“ಅಲ್ಲ. ಅದ್ಕೇ ಕತ್ತರ್ಸೋದು ಬ್ಯಾಡ.”

ಸಭೆ ನಕ್ಕಿತು. ಹೆಚ್ಚು ಮತ ಬಿದ್ದ ಗಣಕವೇ ಶಾಲೆಗೆ ಎಂದು ಅಲ್ಲೇ ನಿರ್ಧಾರವಾಯಿತು.

ಮುಂದಿನ ಶನಿವಾರ ಗಿರಿಧರ ಹೊಸದೊಂದು ವಿಂಡೋಸ್ ಗಣಕವನ್ನೂ, ತೀರ್ಥಹಳ್ಳಿಯ ಫೋಟೊ ಸ್ಟುಡಿಯೊದಿಂದ ಎರವಲು ಪಡೆದ ಮ್ಯಾಕನ್ನೂ ತಂದ. ಸದಸ್ಯರು ಹೊರಗಿದ್ದಾಗಲೇ ಅವುಗಳ ನಡುವೆ ಶಾಲೆಯ ಒಂದು ಗಣಕವನ್ನಿಟ್ಟು, ಮೂರಕ್ಕೂ ಗೋಣಿಚೀಲ ಹೊದಿಸಿ, ತೆರೆ, ಕೀಲಿಮಣೆ, ಮೌಸುಗಳನ್ನಷ್ಟೇ ಬಿಟ್ಟು, ಒಂದು, ಎರಡು, ಮೂರು ಎಂದು ಚೀಟಿ ಅಂಟಿಸಿದರು. ಒಂಬತ್ತು ಸದಸ್ಯರೂ ಪ್ರತಿಯೊಂದರಲ್ಲಿ ಒಂದು ಚಿತ್ರ ನೋಡಬೇಕು, ಎರಡು ಸಾಲಿನ ರಜಾ ಅರ್ಜಿ ಬರೆದು ಉಳಿಸಬೇಕು.

ಮೂರನೆಯದರಲ್ಲಿ ಕವಲೇದುರ್ಗದ ಕೋಟೆಯ ಚಿತ್ರ ಕಂಡು ಸದಸ್ಯೆ ರಂಗಮ್ಮ ಬೆರಗಾದರು. “ಅಯ್ಯಬ್ಬ, ಕಲ್ಲಿನ ಮೇಲಿನ ಪಾಚೀನೂ ಕಾಣ್ತದಲ್ಲ!” ಒಂದನೆಯದು ಚುರುಕಾಗಿತ್ತು. ಎರಡನೆಯದು ತುಸು ನಿಧಾನ. ಏಳನೆಯ ತರಗತಿಯವರೆಗೆ ಓದಿದ ರಂಗಮ್ಮ ಅದರ ಮುಂದೆ ಕುಳಿತರು. ಬೆರಳಿನಿಂದ ಅಕ್ಷರ ಹುಡುಕಿ ಅರ್ಜಿ ಮುಗಿಸಿದರು. ಪ್ರತಿಮಾ ನೆರವಿಗೆ ಬಾಗಿದರು.

“ನೀವು ದೂರ ನಿಲ್ಲಿ ಟೀಚರಮ್ಮ. ‘ಉಳಿಸು’ ಅಂತ ಇಲ್ಲೇ ಬರ್ದದೆ. ನಂಗೆ ಓದಕ್ಕೆ ಬತ್ತದೆ!”

ಒತ್ತಿದರು. ಅರ್ಜಿ ಉಳಿಯಿತು.

ಒಂಬತ್ತೂ ಜನ ಮತದ ಚೀಟಿ ಹಾಕಿದ ಮೇಲೆ, “ವಿಂಡೋಸಲ್ಲೂ ಕನ್ನಡ ಹಾಕ್ಬಹುದು,” ಎಂದ ಗಿರಿಧರ.

“ಹಾಕ್ಬಹುದು. ನೀನು ಹಾಕಿ ತರ್ಲಿಲ್ವಲ್ಲ,” ಎಂದರು ಮಂಜುನಾಥಪ್ಪ.

ಚೀಟಿಗಳನ್ನು ಬಿಚ್ಚಿದಾಗ ಒಂದನೆಯದಕ್ಕೆ ಮೂರು, ಮೂರನೆಯದಕ್ಕೆ ಒಂದು, ಎರಡನೆಯದಕ್ಕೆ ಐದು ಮತ ಬಂದಿದ್ದವು. ಗೋಣಿ ತೆಗೆದರು: ಒಂದನೆಯದು ವಿಂಡೋಸ್, ಮೂರನೆಯದು ಮ್ಯಾಕ್. ನಡುವೆ, ಗಿರಿಧರ ಗುಜರಿಪಟ್ಟಿಯಲ್ಲಿ ಬರೆಸಿದ್ದ ಶಾಲೆಯ ಗಣಕ ಬಿಳಿ ತೆರೆಯೊಡನೆ ಬೆಳಗುತ್ತಿತ್ತು. ಹದಿನಾಲ್ಕೂ ಶಾಲೆಯಲ್ಲೇ ಇರತಕ್ಕದ್ದು ಎಂಬ ನಿರ್ಣಯಕ್ಕೆ, ಮತದಲ್ಲಿ ಸೋತ ನಾಲ್ವರೂ ಸೇರಿ ಸಹಿ ಹಾಕಿದರು. ಗಿರಿಧರನೂ ಹೊರಡುವಾಗ, “ಕೀಬೋರ್ಡ್ ಕೆಟ್ರೆ ನನ್ ಅಂಗ್ಡಿಗೇ ಬನ್ನಿ,” ಎಂದ.

ದೊಡ್ಡ ತಯಾರಕರ ಮೇಲೆ ನನಗೆ ಹಗೆಯಿಲ್ಲ. ಎಪ್ಪತ್ತು ಪಾಲು ಅವರು ದುಡಿದು ಗಳಿಸಿದ್ದು. ಆದರೆ ಪೇಟೆಯ ಪಾಲನ್ನು ತೋರಿಸಿ ಮಕ್ಕಳ ಪಾಲನ್ನು ಕಸಿಯುವುದು ಅನ್ಯಾಯ. ಹೊಸನಗರ ತಾಲ್ಲೂಕಿನ ಒಂಬತ್ತು ಜನ ಅದನ್ನು ಯಾರ ಉಪದೇಶವೂ ಇಲ್ಲದೆ ತಿಳಿದರೆಂಬುದು ನನ್ನ ಹೆಮ್ಮೆ. ನಿಮ್ಮೂರಿನ ಶಾಲೆಯ ಗಣಕಗಳನ್ನು ಗುಜರಿಗೆ ಕಳಿಸುವ ಕಾಗದ ನಿಮ್ಮ ಮುಂದೆ ಬಂದರೆ, ಸಹಿ ಹಾಕುವ ಮೊದಲು ದಯವಿಟ್ಟು ಒಂದರ ಮುಂದೆ ಕುಳಿತು, ನೀವೇ ಎರಡು ಸಾಲು ಬರೆದು ನೋಡಿ.