ಮಿಲ್ಟ್ರಿ ಮಾಮನ ಮೆರವಣಿಗಿ

ಕೇಳ್ರಿ ಇಲ್ಲಿ. ಇಡೀ ಊರು ನೆರೆದಿರೋ ಹೆಣದ ಮನಿ ಅಂಗಳದಿಂದ, ಹಾಡಹಗಲಿ, ಪಟಾಕಿ ಚೀಲ ಎಗರಿಸೋ ಗಂಡಸು ರಾಯಚೂರು ಜಿಲ್ಲಾದಾಗ ಒಬ್ಬನ ಇದ್ದಾನ. ಪೋತ್ನಾಳದ ದುರುಗೇಶ. ಬ್ಯಾರೆಯವರಾಗಿದ್ರ ಓಡಾಕ ಹೋಗಿ ಸಿಕ್ಕಬೀಳತಿದ್ರು. ಇಂವ ಟವೆಲ್ಲಿಲೆ ಮಾರಿ ಮುಚ್ಕೊಂಡು, ಅಳೋರಂಗ ಹೆಗಲು ಕುಣಿಸ್ಕೋತ, ಚೀಲ ಕಂಕುಳಾಗ ಅವುಚ್ಕೊಂಡು ಸ್ಲೋ ಮೋಷನ್‌ನ್ಯಾಗ ಹಿತ್ತಲ ದಾಟಿದ. ಹಿಂದ ಮ್ಯೂಸಿಕ್ ಒಂದು ಇರಲಿಲ್ಲ, ಅಷ್ಟ.

ಹಿತ್ತಲದಾಗ ಸೊಹೇಲ್ ಬೈಕಿನ ಮ್ಯಾಲ ತಯಾರಿದ್ದ. ಬಸ್ ಸ್ಟ್ಯಾಂಡ್ ಹತ್ರ ಮೊಬೈಲ್ ಅಂಗಡಿ ಅವಂದು. ದುರುಗೇಶನ ಜೀವದ ದೋಸ್ತ.

"ಸತ್ತ ಮನ್ಯಾಗೂ ಕಳವೇನ್ಲೇ? ಅಲ್ಲಾ ಮೆಚ್ಚತಾನೇನು?"

"ಡೈಲಾಗ್ ನಂದು, ಬೈಕ್ ನಿಂದು. ನಡಿ. ಇದನ್ನ ಅಂಗಡ್ಯಾಗ ಒಗದು ಶಟರ್ ಎಳಿ."

"ಯಾಕಂತರ ಹೇಳು."

"ಇವತ್ತು ಮಾಮನ ಮುಂದ ಒಂದು ಟಪ್ ಅನ್ನಬಾರ್ದು. ನಮ್ಮ ಸೋದರತ್ತಿಗೆ ಮಾತು ಕೊಟ್ಟೀನಿ."

ಸೊಹೇಲ್ ಕಿಕ್ ಹೊಡೆದ.

ಸತ್ತಾಂವ ಉರುಕುಂದಪ್ಪ. ಊರಿಗೆಲ್ಲ ಮಿಲ್ಟ್ರಿ ಉರುಕುಂದಪ್ಪ, ದುರುಗೇಶನ ಸೋದರತ್ತಿ ಹನುಮಂತಮ್ಮನ ಗಂಡ. ಬೆಳಿಗ್ಗೆ ಕುರಿ ಹಟ್ಟ್ಯಾಗ ಎದಿ ಹಿಡ್ಕೊಂಡು ಕುಂತಾಂವ ಏಳಲಿಲ್ಲ. ಸುದ್ದಿ ಮುಟ್ಟಿದ್ದ ತಡ, ಸತ್ತಾಂವನ ಅಣ್ಣ ಮೌನಪ್ಪ ದೇವದುರ್ಗದಿಂದ ಬಂದ, ಬರೋವಾಗ ಪಟಾಕಿ ಹೊತ್ಕೊಂಡ ಬಂದ. ಈ ಕಡೆ ದೊಡ್ಡ ಮನುಷ್ಯಾರ ಹೆಣ ಹಲಗಿ ಬಡಿಸಿ, ಪಟಾಕಿ ಹೊಡಿಸಿ ಒಯ್ಯೋದು ರೂಢಿ.

"ಬ್ಯಾಡ ಭಾವ," ಅಂದಿದ್ಲು ಹನುಮಂತಮ್ಮ. "ಹಲಗಿ ಸಾಕು."

"ಯಾಕವಾ? ನನ್ನ ತಮ್ಮ ಗಡಿ ಕಾಯ್ದಾಂವ. ಕಳ್ಳನ್ನ ಒಯ್ದಂಗ ಸುಮ್ಕ ಒಯ್ಯಾಕ ಬರತದೇನು? ಅತ್ತ ಮಾನ್ವಿತನಕ ಕೇಳಿಸಬೇಕು!"

ಖರೇ ಕಾರಣ ಆಕಿ ಹೇಳಂಗಿರಲಿಲ್ಲ. ಇಷ್ಟು ವರ್ಷ ಮಂದಿಗೆಲ್ಲ 'ಅವರಿಗೆ ಕಿವಿ ಬ್ಯಾನಿ' ಅಂತ ಹೇಳ್ಕೋತ ಬಂದಿದ್ಲು. ದೀಪಾವಳಿಗೆ ಗಂಡ ಕುರಿ ಹೊಡ್ಕೊಂಡು ಹಿರೇಕೊಟ್ನೆಕಲ್ ಸೀಮಿಗೆ ಹೋಗಿ ಕುಂತ್ರೂ ಕಿವಿ ಬ್ಯಾನಿ. ಶಕ್ತಿನಗರದಾಗ ಸಿಕ್ಕಿದ್ದ ಗೇಟ್ ಕಾಯೋ ಕೆಲಸ ವಾರದಾಗ ಬಿಟ್ಟು ಬಂದ್ರೂ ಕಿವಿ ಬ್ಯಾನಿ. ಖರೇ ಹೇಳಿದ್ರ ಸಂಜಿ ಅನ್ನೋದ್ರಾಗ ಚಾದಂಗಡ್ಯಾಗ ಮಂದಿ ನಗತಿತ್ತು: ಮಿಲ್ಟ್ರಿಯಾಂವ ಪಟಾಕಿಗೆ ಹೆದರತಿದ್ದನಂತ! ಆ ಮಾತನ್ನ ಗಂಡನ ಕುಣಿಗೆ ಮಣ್ಣಿನ ಜೋಡಿ ಹಾಕಾಕ ಆಕಿ ತಯಾರಿರಲಿಲ್ಲ.

ಅದಕ್ಕ ದುರುಗೇಶನ ತೋಳು ಹಿಡ್ಕೊಂಡು ಒಳಗ ಎಳಕೊಂಡಿದ್ಲು. "ಹಲಗಿ ಹೇಳಿ ಬರತದೋ ತಮ್ಮಾ, ಅದನ್ನ ತಡಕೋತಿದ್ರು. ಹೇಳದ ಬರೋ ಸದ್ದು ತಡಕೋತಿರಲಿಲ್ಲ. ಊರಿಗೆಲ್ಲ ಕಿಡಿಗೇಡಿತನ ಮಾಡ್ತಿ. ಇವತ್ತೊಂದು ನನ್ನ ಸಲುವಾಗಿ ಮಾಡು."

* * *

ದುರುಗೇಶಗ ಅದು ಮೊದಲ ಗೊತ್ತಿತ್ತು.

ಹೋದ ಬ್ಯಾಸಗಿ. ಬೇವಿನ ಗಿಡದ ಬುಡಕ್ಕ ಅಂವಾ, ಸೊಹೇಲ್ ಇಬ್ಬರೂ ಮೊಬೈಲ್ ಹಿಡ್ಕೊಂಡು ಯುದ್ಧ ನಡಿಸಿದ್ರು. ಗುಂಡು ಹೊಡಿಯೋ ಗೇಮ್. "ಬಲಕ್ಕ ಅದಾನ್ಲೇ! ತಲಿಗೆ ಬಿಡು! ಹಾ... ಸತ್ತ ಮಗ!" ಮಾಮ ಆಚಿಗೆ ಕುಂತು ಕುರಿಮರಿ ಉಣ್ಣ್ಯಾಗಿನ ಮುಳ್ಳು ಆರಿಸಾಕತ್ತಿದ್ದ. ಅಂವನ ಕೈ ನಿಂತಿತು.

"ಸದ್ದು ಬಂದ್ ಮಾಡ್ರಿ. ನಾನೂ ನೋಡ್ತೀನಿ."

ಪರದಿ ಮ್ಯಾಲ ಸೊಹೇಲನ ಸಿಪಾಯಿ ಮೊಣಕಾಲೂರಿ ಬಿದ್ದಿದ್ದ.

"ಸತ್ನಾ?"

"ಇಲ್ಲ ಮಾಮ, ಗಾಯ ಅಷ್ಟ. ಯಾರರ ಹೋಗಿ ಈ ಬಟನ್ ಒತ್ತಿ ಹಿಡಿದ್ರ ಎದ್ದು ನಿಲ್ತಾನ. ಆದ್ರ ಯಾರ ಹೋಗ್ತಾರ, ಗುಂಡು ಬೀಳಾಕತ್ತಾವ."

ಮಾಮ ಹತ್ರ ಸರಿದು ಕುಂತ. "ಈ ಆಟದಾಗ ಬಿದ್ದಾಂವನ್ನ ಎಬ್ಬಿಸಬಹುದೇನು?"

"ಹೂಂ."

"ಕೊಡಿಲ್ಲಿ."

ಅವತ್ತಿಂದ ಮಧ್ಯಾಹ್ನಕ್ಕೊಮ್ಮೆ ಮಾಮ ಆಡತಿದ್ದ, ಸದ್ದಿಲ್ಲದ. ಒಂದು ಗುಂಡು ಹಾರಿಸಲಿಲ್ಲ. ಯಾರ ಬೀಳಲಿ, ಗುಂಡಿನ ನಡುವ ಓಡಿ ಹೋಗಿ ಅಂವನ ಮಗ್ಗಲಿಗೆ ಕುಂತು ಬಟನ್ ಒತ್ತಿ ಹಿಡಿತಿದ್ದ. ಸಾವಿರ ಸಲ ತಾನ ಸತ್ತ.

"ಚಾಚಾ, ಕೈಯಾಗ ಗನ್ ಅದರೀ!" ಸೊಹೇಲ್ ತಲಿ ಚಚ್ಕೋತಿದ್ದ. "ಯುದ್ಧಕ್ಕ ಕರ್ಕೊಂಡು ಬಂದ್ರ ಇವರು ಆಂಬುಲೆನ್ಸ್ ಆಗ್ಯಾರ!"

ಮಾಮ ನಗತಿದ್ದ. ಮಾಮ ನಕ್ಕಿದ್ದು ದುರುಗೇಶ ನೋಡಿದ್ದು ಅಲ್ಲೇ ಮೊದಲು.

ಒಂದಿನ ರಾಯಚೂರು ರಸ್ತಾದಾಗ ಲಾರಿ ಟಾಯರ್ ಸಿಡೀತು. ಢಂ! ಮೊಬೈಲ್ ಎತ್ಲಾಗೋ ಹೋತು. ದುರುಗೇಶ ನೆಲಕ್ಕ ಬಿದ್ದಿದ್ದ, ಅವನ ಮ್ಯಾಲ ಮಾಮ, ಅಂಗೈ ಇವನ ತಲಿ ಮ್ಯಾಲ. 'ಸೆಲ್ವಂ, ತಲಿ ಎತ್ತಬ್ಯಾಡ, ಬರಾಕತ್ತೀನಿ' ಅಂತ ಮಾಮ ಹಿಂದಿ ಭಾಷಾದಾಗ ಒದರಾಕತ್ತಿದ್ದ. ದುರುಗೇಶಗ ಮೊದಲು ನಗು ಬಂತು. ಆಮ್ಯಾಲ ತನ್ನ ಬೆನ್ನಿಗೆ ಮಾಮನ ಎದಿ ಬಡ್ಕೊಳ್ಳೋದು ತಿಳೀತು. ನಗು ನಿಂತುಹೋತು.

ಎಷ್ಟೋ ಹೊತ್ತಿನ ಮ್ಯಾಲ ಮಾಮ ಎದ್ದು ಇವನ ಅಂಗಿ ಧೂಳು ಝಾಡಿಸಿದ.

"ಹೋಗಾಕ ಆಗಲಿಲ್ಲಪ್ಪ," ಅಂದ. "ಸೆಲ್ವಂ, ನನ್ನ ಜೋಡಿ ಸಿಪಾಯಿ, ಹತ್ತು ಮಾರು ದೂರ ಬಿದ್ದಿದ್ದ. ಕರಿಯಾಕತ್ತಿದ್ದ. ಸದ್ದು ಭಾಳ ಇತ್ತು."

ಅಷ್ಟ. ಮತ್ತ ಮುಳ್ಳು ಆರಿಸಾಕ ಕುಂತ.

* * *

ಮಧ್ಯಾಹ್ನ ಟ್ರ್ಯಾಕ್ಟರ್ ಟ್ರೇಲರಿನ್ಯಾಗ ಕುರ್ಚಿ ಇಟ್ಟು ಮಾಮನ್ನ ಕುಂದ್ರಿಸಿದ್ರು. ಗದ್ದಕ್ಕ ಬಿಳಿ ಅರಿವಿ ಕಟ್ಟಿ, ಮಾಲಿ ಹಾಕಿ, ತೊಡಿ ಮ್ಯಾಲ ಹಸರು ಟೊಪ್ಪಿಗಿ ಇಟ್ಟಿದ್ರು. ಮೌನಪ್ಪ ಅಂಗಳ ತುಂಬ ತಿರುಗಾಕತ್ತಿದ್ದ.

"ಚೀಲ ಎಲ್ಲಿ? ಇಲ್ಲೇ ಇಟ್ಟಿದ್ನಲ್ಲಪ್ಪ!"

ದುರುಗೇಶ ಮುಂದ ಬಂದ. "ದೊಡ್ಡ ಮಾಮಾ, ಪಟಾಕಿ ಮದುವಿಗೆ ಹೊಡಿತಾರ. ಸಿಪಾಯಿ ಸತ್ರ ಸದ್ದಲ್ಲ, ನಿಶ್ಶಬ್ದ ಸಲಾಂ ಹೊಡಿಬೇಕು!"

"ಯಾವ ಸಿನಿಮಾದಾಗ ನೋಡಿಯೋ ಇದನ್ನ?"

"ನಂದ ಸ್ವಂತದ್ದು."

"ಅದಕ್ಕ ಹಂಗದ. ಸರಿ ಆಚಿಗೆ."

ಹಲಗಿ ಶುರುವಾತು. ಮಾಮ ಪಟಾಕಿ ಸದ್ದಿಲ್ಲದ ಹೋದ, ದುರುಗೇಶ ಕೊಟ್ಟ ಮಾತು ಉಳಿಸಿದ. ಊರಾಗ ಅಂವ ಕತಿ ಇಲ್ಲಿಗೇ ಮುಗಿಸ್ತಾನ. ಮುಗಿಸಿ ಕಾಲರ್ ಎತ್ತತಾನ.

ನಾ ಹೇಳಿಬಿಡ್ತೀನಿ. ಆದದ್ದು ಹಂಗಲ್ಲ.

ಮೌನಪ್ಪ ತಂದದ್ದು ಎರಡು ಚೀಲ. ಇನ್ನೊಂದು ಟ್ರ್ಯಾಕ್ಟರ್ ಸೀಟಿನ ಬುಡಕ್ಕಿತ್ತು. ಬಸ್ ಸ್ಟ್ಯಾಂಡ್ ಮುಂದ ಗಾಡಿ ನಿಂತಾಗ ಡ್ರೈವರ್ ಅದನ್ನ ಎಳೆದು ಕೊಟ್ಟ. ರಸ್ತಾ ಉದ್ದಕ್ಕ ಸರ ಹಾಸಿದ್ರು. ಯಾರೋ ಕಡ್ಡಿ ಗೀರಿದ್ರು.

ಟ್ರೇಲರಿನ್ಯಾಗ ಕುರ್ಚಿ ಹಿಂದ ನಿಂತಿದ್ದ ದುರುಗೇಶಗ ಕೆಳಗ ಹಾರಿ ತಡಿಯಾಕ ಆಗಲಿಲ್ಲ. ಮೊದಲ ಢಂ ಅಂದದ್ದ, ಅವನ ಎರಡೂ ಅಂಗೈ ಹೋಗಿ ಮಾಮನ ಎರಡೂ ಕಿವಿ ಮುಚ್ಚಿದ್ವು, ಬಿಳಿ ಅರಿವಿ ಮ್ಯಾಲಿಂದನ. ಕಣ್ಣು ಮುಚ್ಕೊಂಡು, ಮಾಮನ ತಲಿ ತನ್ನ ಹೊಟ್ಟಿಗೆ ಅವುಚ್ಕೊಂಡ. "ಆತು ಮಾಮ. ಆತು. ಮುಗೀತು," ಅನ್ನಾಕತ್ತಿದ್ದ. ಮುಗಿದಿರಲಿಲ್ಲ.

ಟ್ರೇಲರ್ ಹಿಡ್ಕೊಂಡು ನಡೆದಿದ್ದ ಹನುಮಂತಮ್ಮ ಸೆರಗು ಬಾಯಿಗೆ ಒತ್ಕೊಂಡ್ಲು.

ಬೈಯಾಕ ತಿರುಗಿದ ಮೌನಪ್ಪ ಆ ಕೈ ನೋಡಿದ. ತಮ್ಮನ ಹೆಂಡ್ತಿ ಮಾರಿ ನೋಡಿದ. ತಮ್ಮನ ಮಾರಿ ನೋಡಿದ. ಧೋತರ ಎತ್ತಿ ಕಟ್ಟಿ ಹೊಗಿ ಒಳಗ ನುಗ್ಗಿ, ಸಿಡಿಯೋ ಸರವನ್ನ ಚಪ್ಪಲಿಲೆ ತುಳಿದ, ತುಳಿದ, ಬೆಂಕಿ ಹತ್ತದ ತುದಿ ಹರಿದು ಚರಂಡಿಗೆ ಒಗದ.

"ಸಾಕು," ಅಂದ. "ನಡೀರಿ, ಸುಮ್ಕ ನಡೀರಿ."

ಹಲಗಿಯಾಂವ ಹಲಗಿ ಬೆನ್ನಿಗೆ ಹಾಕ್ಕೊಂಡ. ಟ್ರ್ಯಾಕ್ಟರ್ ಹೊಂಟಿತು. ಅಂಗಡಿ ಕಟ್ಟಿ ಮ್ಯಾಲಿನ ಮಂದಿ ಎದ್ದು ನಿಂತು ಕೈ ಮುಗಿದ್ರು. "ಪಾಪ, ಅಳಿಯ ನೋಡ್ರಿ," ಅಂದ್ಲು ಒಬ್ಬಾಕಿ, "ತಲಿ ವಾಲದಂಗ ಎಷ್ಟು ಜ್ವಾಕಿಲೆ ಹಿಡ್ಕೊಂಡಾನ."

ಹಿಂದ ಹೊಗಿಯಾಗ ಉಳಿದಿದ್ದ ಪಟಾಕಿ ಒಂದು, ತಡಾ ಮಾಡಿ, ಟಪ್ ಅಂತು. ದುರುಗೇಶನ ಬೆರಳು ಇನ್ನಷ್ಟು ಬಿಗಿಯಾದ್ವು.