ಚಿಕ್ಕಮ್ಮನ ದನಿಯ ಮೇಲೆ ಬರೆದದ್ದು

೧

ಹೇಗೆ ಶುರು ಮಾಡಲಿ? ‘ಡಿ ಡ್ರೈವ್ ಕಾಣೆಯಾಗಿದೆ’ ಅಂತಲೇ? ಪೊಲೀಸರಿಗೆ ಕೊಡುವ ದೂರಿನ ಹಾಗಿದೆ. ಅಲ್ಲದೆ ಅದು ಸುಳ್ಳು. ಕಾಣೆಯಾಗಿಲ್ಲ, ನಾನೇ ಅಳಿಸಿದ್ದೇನೆ. ‘ಇದರಲ್ಲಿರುವುದೆಲ್ಲ ಹೋಗುತ್ತದೆ, ಆದೀತೇ?’ ಎಂದು ಕಂಪ್ಯೂಟರ್ ಮರ್ಯಾದೆಯಾಗಿ ಕೇಳಿತ್ತು. ‘ಯೆಸ್’ ಒತ್ತಿದ್ದು ಈ ಬೆರಳು. (ಈ ವಾಕ್ಯವನ್ನು ಕುಟ್ಟುತ್ತಿರುವುದೂ ಅದೇ. ನಾಚಿಕೆಯಿಲ್ಲದ್ದು.)

೨

ಅದನ್ನು ಬಿಡಿ. ದೇವರನ್ನು ನೆನೆದು ಇನ್ನೊಮ್ಮೆ ಶುರು ಮಾಡುತ್ತೇನೆ.

ಚಿಕ್ಕಮ್ಮ ಕಾವ್ಯ ಓದಲು ಕೂತರೆ ಮೊದಲು ಕಣ್ಣು ಮುಚ್ಚುತ್ತಿದ್ದಳು, ಆಮೇಲೆ ಉಸಿರು, ಆಮೇಲೆ ದನಿ. ನಾನು ಗೋಡೆಗೆ ಒರಗಿ ಕೇಳುವವನು. ಚಿಕ್ಕಂದಿನಿಂದ ನನ್ನ ಕೆಲಸ ಅದೊಂದೇ. ಗಂಟಲಿನ ಆಪರೇಷನ್ ಆದರೆ ದನಿ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ ಮೇಲೆ ಅವಳು ಇಡೀ ಕಾವ್ಯವನ್ನು ಓದಿದಳು, ನಾನು ರೆಕಾರ್ಡ್ ಮಾಡಿದೆ. ದನಿ ಉಳಿಯಲಿಲ್ಲ. ಈಗ ಅವಳ ಬಾಯಲ್ಲಿ ಬರುವುದು ಬರೀ ಪಿಸುಮಾತು, ಹತ್ತಿರ ಹೋಗಿ ಕಿವಿ ಕೊಡಬೇಕು. ದನಿ ಇದ್ದದ್ದು ಡಿ ಡ್ರೈವ್‌ನಲ್ಲಿ. ದಿನಾ ಸಂಜೆ ಈ ಕೋಣೆಗೆ ಬಂದು ಒಂದು ಅಧ್ಯಾಯ ಕೇಳಿಸಿಕೊಂಡು ಹೋಗುತ್ತಾಳೆ.

ಇವತ್ತೂ ಬರುತ್ತಾಳೆ.

೩

(ಚೆನ್ನಾಗಿ ಬರುತ್ತಿದೆ, ಅಲ್ಲವೇ? ನನಗೂ ಹಾಗೇ ಅನ್ನಿಸಿತು. ಕೈ ನಡುಗುತ್ತಿದೆ, ಆದರೆ ವಾಕ್ಯ ನಡುಗುತ್ತಿಲ್ಲ. ಇಂಥ ಮನುಷ್ಯರನ್ನು ನಂಬಬೇಡಿ.)

ಒಂದೇ ಹಾರ್ಡ್ ಡಿಸ್ಕ್, ನಡುವೆ ಅಡ್ಡಗೋಡೆ. ಈಚೆ ಕೋಣೆ ಸಿ, ಆಚೆ ಕೋಣೆ ಡಿ. ಸಿ ತುಂಬಿ ಕೆಂಪಗಾಗಿತ್ತು. ಯಾವುದನ್ನು ತೆರೆಯಹೋದರೂ ‘ಜಾಗ ಇಲ್ಲ, ಜಾಗ ಇಲ್ಲ’ ಎಂದು ಗೊಣಗುತ್ತಿತ್ತು. ವಿಡಿಯೋ ಒಂದನ್ನು ಹಾಕಿಕೊಂಡು ಕೂತೆ. ಸಿಯನ್ನು ದೊಡ್ಡದು ಮಾಡಬೇಕಾದರೆ ಪಕ್ಕದ ಪಾರ್ಟಿಷನ್ ಅಳಿಸಿ, ಆ ಜಾಗವನ್ನು ಇದಕ್ಕೆ ಸೇರಿಸಿ, ಅಷ್ಟೇ ಎಂದ ವಿಡಿಯೋದವನು. ‘ಬ್ಯಾಕಪ್ ಇಟ್ಟುಕೊಂಡಿದ್ದೀರಿ ತಾನೆ?’ ಎಂದೂ ಕೇಳಿದ. ಇಟ್ಟುಕೊಂಡಿದ್ದೇನಪ್ಪ ಎಂದು ನಾನು ಅವನಿಗೆ ಜೋರಾಗಿಯೇ ಉತ್ತರ ಕೊಟ್ಟೆ. ಚಿಕ್ಕಮ್ಮನ ಅಧ್ಯಾಯಗಳನ್ನೆಲ್ಲ ಎಂದೋ ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದೆ.

ಅಳಿಸಿದೆ. ಸೇರಿಸಿದೆ. ಸಿ ಹಸನಾಗಿ ನೀಲಿಯಾಯಿತು. ಪೆನ್‌ಡ್ರೈವ್ ಚುಚ್ಚಿ ಮೊದಲ ಅಧ್ಯಾಯ ಒತ್ತಿದೆ.

ಫೈಲ್ ಸಿಗುತ್ತಿಲ್ಲ.

ಎರಡನೆಯದು. ಸಿಗುತ್ತಿಲ್ಲ. ಕೊನೆಯದು. ಅದೂ ಇಲ್ಲ. ಆಗ ಕಂಡಿತು ನೋಡಿ, ಪ್ರತಿಯೊಂದು ಫೈಲಿನ ಚಿತ್ರದ ಮೂಲೆಯಲ್ಲೂ ಸಣ್ಣದೊಂದು ಬಾಣ. ನಾನು ಕಾಪಿ ಮಾಡಿದ್ದು ಶಾರ್ಟ್‌ಕಟ್‌ಗಳನ್ನು. ಮನೆಯನ್ನಲ್ಲ, ಮನೆಯ ದಾರಿ ತೋರಿಸುವ ಬೋರ್ಡುಗಳನ್ನು.

೪

ಓದುಗರು ಕೇಳುವುದು ನನಗೆ ಕೇಳಿಸುತ್ತಿದೆ: ಅವತ್ತೇ ಬೇರೆ ಕಂಪ್ಯೂಟರಿನಲ್ಲಿ ಒಂದನ್ನಾದರೂ ಹಾಕಿ ನೋಡಬಾರದಿತ್ತೇ?

ನಮ್ಮ ಮನೆಯಲ್ಲಿ ಓದು ಶುರುವಾದ ಮೇಲೆ ಅಧ್ಯಾಯ ಮುಗಿಯುವ ತನಕ ನಿಲ್ಲಿಸುವಂತಿಲ್ಲ. ಬಾಗಿಲು ಬಡಿದರೂ ಹಾಲು ಉಕ್ಕಿದರೂ ಸರಿ. ಪರೀಕ್ಷೆಗೆಂದು ಎರಡು ಸಾಲು ಕೇಳಿ ಚಿಕ್ಕಮ್ಮನ ಬಾಯಿ ಮುಚ್ಚಿಸುವುದೇ? ನನ್ನಿಂದಾಗಲಿಲ್ಲ. ಭಕ್ತಿಯಿಂದ ಪರೀಕ್ಷಿಸದೆ ಎತ್ತಿಟ್ಟೆ.

ಅತ್ತಿಗೆಗೆ ಫೋನ್ ಮಾಡಿದೆ. ಅಣ್ಣನ ಹೆಂಡತಿ, ಕಂಪ್ಯೂಟರ್ ರಿಪೇರಿ ಅಂಗಡಿ ಅವರದು. ಎತ್ತಲಿಲ್ಲ. ಸುಮ್ಮನೆ ಕೂತರೆ ಎದೆ ಒಡೆದೀತು ಎಂದು ಈ ಕಥೆ ಶುರು ಮಾಡಿದೆ.

೫

ಈಗ ಅವರೇ ಮಾಡಿದರು.

“ಏನಪ್ಪಾ ಮೈದುನ, ಅಷ್ಟೊಂದು ಮಿಸ್ಡ್ ಕಾಲ್? ಮನೆಗೆ ಬೆಂಕಿ ಬಿತ್ತಾ?”

ಹೇಳಿದೆ. ಅವರು ನಗಲಿಲ್ಲ. ಎಲ್ಲದಕ್ಕೂ ನಗುವ ಅತ್ತಿಗೆ.

“ನೋಡು, ಗೋಡೆ ಕೆಡವಿದ ಮಾತ್ರಕ್ಕೆ ಒಳಗಿನ ಸಾಮಾನು ಹೋಗಲ್ಲ. ಫೈಲೆಲ್ಲ ಅಲ್ಲೇ ಬಿದ್ದಿರುತ್ತೆ, ವಿಳಾಸ ಮಾತ್ರ ಹೋಗಿರುತ್ತೆ. ಡಿಸ್ಕ್ ಕೊಡು, ಹುಡುಕಿ ಎತ್ತೋಣ. ಆದ್ರೆ ಅದರ ಮೇಲೆ ಹೊಸದೇನೂ ಬರೀಬಾರ್ದು. ಬರೆದಷ್ಟೂ ಹಳೇದು ಅಳಿಸುತ್ತೆ. ಮುಟ್ಟಿಲ್ಲ ತಾನೆ?”

“ಇಲ್ಲ ಅತ್ತಿಗೆ.”

“ಮತ್ತೆ ಟಕಟಕ ಅಂತಿದೆಯಲ್ಲ, ಏನದು?”

“ಬರೀತಿದ್ದೀನಿ.”

“ಏನನ್ನ?”

“ಇದನ್ನೇ. ಕಥೆ.”

“ಯಾವುದ್ರಲ್ಲಿ?”

“ಇದೇ ಕಂಪ್ಯೂಟರ್‌ನಲ್ಲಿ.” ಪರದೆಯ ಮೂಲೆಯಲ್ಲಿ ‘ತಾನಾಗಿ ಸೇವ್ ಆಗಿದೆ’ ಎಂಬ ಅಕ್ಷರ ಮೂಡಿ ಮಾಯವಾಯಿತು.

“ಅಯ್ಯೋ ಪಾಪಿ!” ಎಂದರು ಅತ್ತಿಗೆ.

೬

(ಇಲ್ಲಿಂದ ಮುಂದಿನದು ಪೆನ್ಸಿಲ್ಲಿನಲ್ಲಿ, ಬಲ್ಬಿನ ಡಬ್ಬಿಯನ್ನು ಬಿಚ್ಚಿ ಅದರ ಒಳಮೈ ಮೇಲೆ.)

ಹಾಗಾದರೆ ಆ ಮೊದಲ ವಾಕ್ಯ, ಪೊಲೀಸ್ ದೂರಿನ ತಮಾಷೆ, ಅದು ಚಿಕ್ಕಮ್ಮನ ಯಾವ ಸಾಲಿನ ಮೇಲೆ ಕೂತಿತು? ‘ಕೈ ನಡುಗುತ್ತಿದೆ, ವಾಕ್ಯ ನಡುಗುತ್ತಿಲ್ಲ’ ಎಂದು ಮೆರೆದೆನಲ್ಲ, ಅಷ್ಟಕ್ಕೆ ಎಷ್ಟು ದನಿ ಹೋಯಿತು? ಚಿಕ್ಕಮ್ಮನ ದನಿ ಹೋದ ಬಗ್ಗೆ ಕಣ್ಣೀರಿಟ್ಟು ಬರೆಯುತ್ತಾ ಅದೇ ದನಿಯನ್ನು ಒರೆಸುತ್ತಿದ್ದೆ.

“ಶಟ್‌ಡೌನ್ ಮಾಡ್ಬೇಡ, ಅದೂ ಏನೇನೋ ಬರೆಯುತ್ತೆ. ಗೋಡೆಯಿಂದ ನೇರ ಪ್ಲಗ್ ಕಿತ್ತುಬಿಡು” ಎಂದಿದ್ದಾರೆ ಅತ್ತಿಗೆ. “ನಿನ್ನ ಕಥೆ ಅದರ ಜೊತೆ ಹೋದ್ರೆ ಹೋಗ್ಲಿ, ಅದು ಮುಖ್ಯ ಅಲ್ಲ. ಅದನ್ನೂ ಹುಡುಕಿ ಕೊಡು ಅಂತ ಆಮೇಲೆ ನನ್ನ ಹತ್ರ ಬರಬೇಡ, ತಿಳೀತಾ?”

ಕಥೆಯನ್ನು ಇನ್ನೆಲ್ಲಿಗೂ ದಾಟಿಸುವಂತಿಲ್ಲ, ದಾಟಿಸಿದರೂ ಡಿಸ್ಕ್ ತಿರುಗಿ ಇನ್ನಷ್ಟು ಬರೆಯುತ್ತದೆ. ಮುಗಿಸುವ ದಾರಿಗಳು ಹೀಗಿವೆ:

ಅ) ಕಿತ್ತೆ. ದನಿ ಪೂರ್ತಿ ಸಿಕ್ಕಿತು. (ಸಿನಿಮಾ.)

ಆ) ಕಿತ್ತೆ. ಸಿಕ್ಕಿದ ಫೈಲಿನಲ್ಲಿ ಅವಳ ಪದ್ಯದ ನಡುವೆ ನನ್ನ ಗದ್ಯದ ಗರಗರ. (ಸಾಹಿತ್ಯ. ಇದಕ್ಕೆ ಬಹುಮಾನ ಬಂದರೂ ಬರಬಹುದು, ದೇವರು ನನ್ನನ್ನು ಕ್ಷಮಿಸಲಿ.)

ಇ) ಕೀಳಲಿಲ್ಲ. ಇನ್ನೊಂದೇ ಪ್ಯಾರಾ, ಇನ್ನೊಂದೇ, ಎನ್ನುತ್ತಾ...

ಮೂರನೆಯದನ್ನು ಬರೆದು ಬೆಚ್ಚಿಬಿದ್ದೆ. ಯಾಕೆಂದರೆ ಪ್ಲಗ್ ಇನ್ನೂ ಗೋಡೆಯಲ್ಲೇ ಇತ್ತು.

೭

ಬಾಗಿಲಲ್ಲಿ ಚಿಕ್ಕಮ್ಮ.

“ಹೋಯ್ತು ಚಿಕ್ಕಮ್ಮ. ನಾನೇ ಅಳಿಸಿದೆ. ಅದರ ಮೇಲೆ ಬರೆದೂಬಿಟ್ಟೆ” ಎಂದೆ.

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. ಅಳುತ್ತಾಳೆ ಅಂದುಕೊಂಡೆ. (ನಾನು ಬರೆದಿದ್ದರೆ ಅಳಿಸುತ್ತಿದ್ದೆ.) ಕೂತಳು. ನನ್ನ ಕಿವಿಯನ್ನು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

“ಏನು ಬರ್ದೆ?”

“ಏನೋ ಒಂದು...”

“ನನ್ನ ದನಿ ಮೇಲೆ ಬರ್ದಿದ್ದೀಯ. ಏನೋ ಒಂದು ಅಂದ್ರೆ ಬಿಡ್ತೀನಾ? ಓದು.”

“ಪ್ಲಗ್ ಕೀಳ್ಬೇಕು ಚಿಕ್ಕಮ್ಮ, ಹೊತ್ತಾದಷ್ಟೂ ಹೋಗುತ್ತೆ.”

“ಹೋಗೋದು ನಂದು. ಓದು. ಒಂದ್ಸಲ ಕೇಳಿದ್ರೆ ಸಾಕು, ನೆನಪಲ್ಲಿ ಇಟ್ಕೋತೀನಿ. ಆಮೇಲೆ ಕೀಳು.”

ಹುಟ್ಟಿದಾಗಿನಿಂದ ಕೇಳಿಕೊಂಡೇ ಬಂದವನು ಬಾಯಿ ತೆರೆದೆ. ಪರದೆ ನೋಡಿಕೊಂಡು ಓದತೊಡಗಿದೆ. ಅವಳು ಕಣ್ಣು ಮುಚ್ಚಿ ತುಟಿ ಆಡಿಸುತ್ತಾ ಬಂದಳು. ‘ಯೆಸ್’ ಒತ್ತಿದ ಬೆರಳಿನ ಮಾತು ಬಂದಲ್ಲಿ, “ಓಡ್ಬೇಡ.” ವಿಡಿಯೋದವನು ಬಂದಾಗ, “ಇವನು ಯಾಕೆ ಇಷ್ಟು ಉದ್ದ?” ಅತ್ತಿಗೆಯ ಮಾತು ಬಂದಾಗ ಮಾತ್ರ ಭುಜ ಕುಲುಕಿಸಿ ನಕ್ಕಳು. ದನಿಯಿಲ್ಲದ ನಗು.

“ಅಯ್ಯೋ ಪಾಪಿ” ಎಂದು ಓದಿ ನಿಲ್ಲಿಸಿದೆ.

“ಆಯ್ತು” ಎಂದು ತಾನೇ ಬಗ್ಗಿ ಪ್ಲಗ್ ಕಿತ್ತಳು.

೮

ಡಿಸ್ಕನ್ನು ಅತ್ತಿಗೆ ಬಂದು ಒಯ್ದಿದ್ದಾರೆ. ಈ ಡಬ್ಬಿಯ ರಟ್ಟು ತುಂಬಿ, ಇನ್ನೊಂದನ್ನು ಬಿಚ್ಚಿಕೊಂಡಿದ್ದೇನೆ. ಚಿಕ್ಕಮ್ಮ ನನ್ನ ಕಥೆಯನ್ನು ಮೊದಲಿನಿಂದ ಪಿಸುಗುಟ್ಟುತ್ತಿದ್ದಾಳೆ, ನಾನು ಬರೆದುಕೊಳ್ಳುತ್ತಿದ್ದೇನೆ. ನೀವು ಐದನೆಯ ಭಾಗದ ತನಕ ಓದಿದ್ದು ಅವಳದು. ‘ನಾಚಿಕೆಯಿಲ್ಲದ್ದು’ ಎಂದು ನಾನು ಬರೆದ ನೆನಪೇ ಇಲ್ಲ.

“ಚಿಕ್ಕಮ್ಮ, ಇದು ನನ್ನ ವಾಕ್ಯ ಅಲ್ಲ.”

“ಗೊತ್ತು. ಬರ್ಕೋ.”

“ನಂದಿದ್ದದ್ದು ಏನು ಅಲ್ಲಿ?”

“ಚೆನ್ನಾಗಿರ್ಲಿಲ್ಲ. ಬಿಟ್ಟೆ.”

ಒಳಕೋಣೆಯಲ್ಲಿ ಫೋನ್ ಹೊಡೆದುಕೊಳ್ಳುತ್ತಿದೆ. ಅತ್ತಿಗೆಯೇ ಇರಬೇಕು. ಪೆನ್ಸಿಲ್ ಕೆಳಗಿಟ್ಟು ಅರ್ಧ ಎದ್ದೆ. ನೀವೂ ಎದ್ದಿದ್ದೀರಿ, ಗೊತ್ತು.

ಚಿಕ್ಕಮ್ಮ ಫೋನಿನ ಕಡೆ ತಿರುಗಲಿಲ್ಲ. ನನ್ನ ತೋಳು ಹಿಡಿದುಕೊಂಡು ಮುಂದಿನ ಸಾಲಿಗೆ ಉಸಿರು ಎಳೆದುಕೊಂಡಳು.