ಕಾಶವ್ವನ ಅಟ್ಟದ ನೆರಳು

ನಾನೊಂದು ಸೋಲಾರ್ ಪ್ಲೇಟು. ಪುಸ್ತಕದಲ್ಲಿ ಸೌರಫಲಕ ಎಂಬ ದೊಡ್ಡ ಹೆಸರಿದೆ; ಆ ಹೆಸರಿನಿಂದ ನನ್ನನ್ನು ಈವರೆಗೆ ಯಾರೂ ಕರೆದಿಲ್ಲ. ಮೂಲದಲ್ಲಿ ನಾನು ಮರಳು. ಕುಲುಮೆಯಲ್ಲಿ ಕರಗಿ ಗಾಜಾದೆ. ಕರಿನೀಲಿ ಬಿಲ್ಲೆಗಳನ್ನು ಎದೆಗಪ್ಪಿಕೊಂಡು, ಸುತ್ತ ಅಲ್ಯೂಮಿನಿಯಂ ಚೌಕಟ್ಟು ತೊಟ್ಟು ಕಾರ್ಖಾನೆಯಿಂದ ಹೊರಬಿದ್ದೆ. ಬಿಸಿಲು ಕುಡಿಯುವುದು, ಕರೆಂಟು ಕೊಡುವುದು, ಇಷ್ಟೇ ನನಗೆ ಗೊತ್ತಿದ್ದ ವಿದ್ಯೆ. ಅಷ್ಟಕ್ಕೇ ಜಂಬವೂ ಇತ್ತು.

ಲಾರಿ ನನ್ನನ್ನು ಇಳಿಸಿದ್ದು ರೋಣದ ಕಡೆಯ ಒಂದು ಎರೆಹೊಲದಲ್ಲಿ, ಫಕೀರಗೌಡನ ಬೋರ್‌ವೆಲ್ ಪಕ್ಕ. ಅಲ್ಲಿ ಲೈನಿನ ಕರೆಂಟು ಹೊತ್ತಲ್ಲದ ಹೊತ್ತಿಗೆ ಬಂದು ಹೋಗುತ್ತಿತ್ತು. ಕಾದು ಕಾದು ಸಾಕಾಗಿ ಅವನು ನಮ್ಮನ್ನು ತರಿಸಿದ್ದ. ಫಿಟ್ಟರ್ ದಾವಲಸಾಬ ಕಂಬ ನಿಲ್ಲಿಸಿ, ನಮ್ಮನ್ನು ದಕ್ಷಿಣಕ್ಕೆ ಮುಖ ಮಾಡಿ ಸಾಲಾಗಿ ಬಿಗಿದ. ನನಗೆ ಸಿಕ್ಕಿದ್ದು ಕೆಳಸಾಲಿನ ತುದಿ.

ಪೂಜೆಯ ದಿನ ಫಕೀರಗೌಡನ ಸೋದರತ್ತೆ ಕಾಶವ್ವ ವಿಭೂತಿ ಹಿಡಿದು ಬಂದಳು. ಅವಳ ಕೈಗೆ ಮೊದಲು ಸಿಕ್ಕಿದ್ದು ನಾನೇ.

“ಅವ್ವಾರ, ಗಾಜಿಗೆ ಹಚ್ಚಬ್ಯಾಡ್ರಿ. ನೆಳ್ಳ ಬಿದ್ರ ಕರೆಂಟ್ ಕಮ್ಮಿ ಆಗ್ತೈತಿ,” ಎಂದ ದಾವಲಸಾಬ.

“ಹಣಿ ಬ್ಯಾಡಂದ್ರ ಕಿವಿಗೆ ಹಚ್ತೀನಿ ತಗೋ,” ಎಂದು ಕಾಶವ್ವ ನನ್ನ ಚೌಕಟ್ಟಿನ ಮೇಲೆ ಮೂರು ಬೆರಳು ಎಳೆದಳು. ಆ ಗಳಿಗೆಯಲ್ಲೇ ನನಗೆ ಅವಳ ಮೇಲೆ ಪ್ರೀತಿ ಹುಟ್ಟಿತು.

ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಅವಳು. ಜೋಳದ ತೆನೆ ಹಾಲುಗಟ್ಟಿದ ದಿನದಿಂದ ಕೊಯ್ಲಿನವರೆಗೆ ಹೊಲದ ಅಟ್ಟದ ಮೇಲೆ ಕೂತು, ಕವಣೆ ಬೀಸಿ ಹಕ್ಕಿ ಕಾಯುವುದು ಅವಳ ಕೆಲಸ. ಕಲ್ಲು ಹಕ್ಕಿಗೆ ತಾಗುತ್ತಿರಲಿಲ್ಲ, ಅವಳು ಗುರಿಯಿಟ್ಟಂತೆ ಅದರ ಮಗ್ಗುಲಲ್ಲೇ ಬೀಳುತ್ತಿತ್ತು. “ಈ ಕೈ ಇರೂತನಕ ನಾ ಯಾರಿಗೂ ಭಾರ ಅಲ್ಲ,” ಎನ್ನುತ್ತಿದ್ದಳು.

ಆ ವರ್ಷದ ಕಾವಲಿನ ಮೊದಲ ಮುಂಜಾನೆ. ಗಿಳಿಗಳ ಹಿಂಡು ನಮ್ಮ ಮುಂದಿನ ಜೋಳಕ್ಕೆ ಇಳಿಯಿತು. ದಿಬ್ಬದ ಮೇಲಿನ ಅಟ್ಟದಿಂದ ಕಾಶವ್ವ ಕವಣೆ ಬೀಸಿದಳು. ಕಲ್ಲು ನೇರ ನನ್ನ ಎದೆಗೆ ಬಡಿಯಿತು. ಜೇಡರ ಬಲೆಯಂತೆ ಬಿರುಕು ಮೈಯೆಲ್ಲ ಹಬ್ಬಿತು.

ಅವಳು ಬರಿಗಾಲಲ್ಲಿ ಓಡಿ ಬಂದು ನನ್ನ ಮೇಲೆ ಅಂಗೈ ಇಟ್ಟಳು. “ನನ್ನ ಕೈ ಹೋತೋ ಫಕೀರಾ!” ಎಂದು ಅತ್ತಳು.

“ಇರ್ಲಿ ಬಿಡ ಅತ್ತಿ. ವಯಸ್ಸಾತು, ಇನ್ನ ಮನ್ಯಾಗ ಆರಾಮ ಕುಂದ್ರು,” ಎಂದ ಫಕೀರಗೌಡ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದಳೇನೋ. ಆ ಒಳ್ಳೆಯ ಮಾತು ಅವಳನ್ನು ಅಟ್ಟದಿಂದ ಇಳಿಸಿಬಿಟ್ಟಿತು.

ನನ್ನ ಜಾಗಕ್ಕೆ ಹೊಸ ಪ್ಲೇಟು ಬಂತು. ನನ್ನನ್ನು ಮನೆಯ ದನದ ಕೊಟ್ಟಿಗೆಗೆ ಆನಿಸಿದರು, ಅದೂ ಗೋಡೆಗೆ ಮುಖ ಮಾಡಿ. ಬಿಸಿಲಿಗೆಂದೇ ಹುಟ್ಟಿದ ನನಗೆ ಸೆಗಣಿ ಸಾರಿಸಿದ ಗೋಡೆ ನೋಡುವ ಶಿಕ್ಷೆ. ಕಾಶವ್ವ ಕವಣೆಯನ್ನು ತಂದು ನನ್ನ ಮೇಲಿನ ಗೂಟಕ್ಕೆ ನೇತುಹಾಕಿದಳು. ಮರುದಿನ ಬಂದು, ಏದುಸಿರು ಬಿಡುತ್ತಾ ನನ್ನನ್ನು ಹೊರಳಿಸಿ ನಿಲ್ಲಿಸಿದಳು.

“ನಿನ್ನೂ ನನ್ನೂ ಮೂಲಿಗೆ ಹಚ್ಯಾರ. ಬಿಸಲರ ನೋಡು.”

ಅತ್ತ ಹೊಲದಲ್ಲಿ ಹಕ್ಕಿಗಳದ್ದೇ ದರಬಾರು. ಫಕೀರಗೌಡ ಮಿರಿಮಿರಿ ಮಿಂಚುವ ಪಟ್ಟಿ ಕಟ್ಟಿದ. ಗಿಳಿಗಳು ಅದರ ಪಕ್ಕದಲ್ಲೇ ಕೂತು ತಿಂದವು. ಕೊನೆಗೆ ತಾನೇ ಅಟ್ಟ ಏರಿದ. ಹೊತ್ತು ಹುಟ್ಟಿದ ಸ್ವಲ್ಪ ಹೊತ್ತಿಗೇ ಕಣ್ಣುಜ್ಜಿಕೊಳ್ಳುತ್ತಾ ಕೊಟ್ಟಿಗೆಗೆ ಬಂದ. ಕಾಶವ್ವ ಎಮ್ಮೆಗೆ ಮೇವು ಹಾಕುತ್ತಿದ್ದಳು.

“ಅತ್ತಿ, ಅವತ್ತ ಕಲ್ಲ ಒಗಿಯೂ ಮುಂದ ಕಣ್ಣಿಗೆ ಬೆಳಕ ಹೊಡೀತೇನು?”

“ಹೊಡೀತಪ್ಪ. ಮುದಿಗಣ್ಣು ಅಂತ ಸುಮ್ನಾದ್ನಿ.”

“ನನ್ನ ಕಣ್ಣಿಗೂ ಹೊಡೀತು! ಪ್ಲೇಟಿನ ಮ್ಯಾಲಿಂದ ಬರ್ತೈತಿ. ಮ್ಯಾಲಿನ ಸೂರ್ಯಾಗ ಕೈ ಅಡ್ಡ ಹಿಡೀಬಹುದು, ಕೆಳಗಿನ ಸೂರ್ಯಾಗ ಏನ ಹಿಡೀತಿ? ನಿನ್ನ ಕೈ ತಪ್ಪಿಲ್ಲ ಅತ್ತಿ. ಅಟ್ಟದ ಮುಂದ ಇವನ್ನ ತಂದ ನಿಲ್ಲಿಸಿದ್ದು ನಂದ ತಪ್ಪು.”

ಕಾಶವ್ವ ಮೇವು ಕೆಳಗಿಟ್ಟಳು. ತನ್ನ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. ಹೊಳೆಯುವುದೇ ದೊಡ್ಡತನ ಎಂದುಕೊಂಡಿದ್ದ ನನಗೆ ನಾಚಿಕೆಯಾಯಿತು.

ಪ್ಲೇಟುಗಳು ಬೆನ್ನಿಗೆ ಬರುವಂತೆ ಅಟ್ಟವನ್ನು ಬೇರೆ ಕಡೆ ಕಟ್ಟಿದರು. ದಾವಲಸಾಬ ನನ್ನ ತಂತಿ ಪರೀಕ್ಷಿಸಿ, “ಇದಕ್ಕ ಇನ್ನೂ ಜೀವ ಐತ್ರಿ,” ಎಂದ. ಬಿರುಕಿಗೆ ನೀರಿಳಿಯದಂತೆ ಅಂಟು ಬಳಿದು ಅಟ್ಟದ ಚಾವಣಿಗೆ ನನ್ನನ್ನೇ ಕೂರಿಸಿದ. ಕೆಳಗೊಂದು ಬ್ಯಾಟರಿ, ಒಂದು ಪುಟ್ಟ ಫ್ಯಾನು.

ಆದರೂ ಕಾಶವ್ವ ಬಂದದ್ದು ಮಡಿಲ ತುಂಬ ಒಣಗಿಸಿದ ಮಣ್ಣುಂಡೆ ತುಂಬಿಕೊಂಡು. ಬಿದ್ದರೆ ಪುಡಿಯಾಗಲಿ, ಏನೂ ಒಡೆಯದಿರಲಿ ಎಂದು. ಫಕೀರಗೌಡ ಹಳ್ಳದ ಕಲ್ಲು ತುಂಬಿದ ಬುಟ್ಟಿಯನ್ನು ಅವಳ ಮುಂದಿಟ್ಟ.

“ಮಣ್ಣುಂಡಿ ಯಾಕ? ಕಲ್ಲ ಒಗಿ ಅತ್ತಿ.”

“ಮತ್ತ ಒಡದ್ರ?”

“ಒಡದ್ರ ಇನ್ನೊಂದ ಅಟ್ಟಕ್ಕ ನೆಳ್ಳಾತು.”

ಅವಳು ನಕ್ಕುಬಿಟ್ಟಳು. ನನ್ನ ನೆರಳಿನಿಂದ ಒಂದು ಹೆಜ್ಜೆ ಮುಂದೆ ಬಂದು ಕವಣೆ ಬೀಸಿದಳು. ಕಲ್ಲು ಅವಳು ನೋಡಿದ ಕಡೆಯೇ ಬಿತ್ತು. ಹಿಂಡು ಹಿಂಡೇ ಎದ್ದು ಹಾರಿತು.

ಈಗ ನಾನು ಹಳಬ. ಬಿಲ್ಲೆಗಳು ಮಂಕಾಗಿವೆ, ಫ್ಯಾನು ಮೋಡದ ದಿನ ಕುಂಟುತ್ತದೆ. ನನ್ನ ಜೊತೆಯವರು ಇಂದಿಗೂ ಇಡೀ ಹೊಲಕ್ಕೆ ನೀರೆತ್ತುತ್ತಾರೆ. ನಾನು ಒಬ್ಬಳ ಬೆವರು ಆರಿಸುತ್ತೇನೆ. ನನಗೆ ಅದೇ ಸಾಕು. ಪ್ರತಿ ವರ್ಷ ಕಾವಲು ಶುರುವಾಗುವ ದಿನ ಕಾಶವ್ವ ಏಣಿಯ ಮೇಲೆ ನಿಂತು, ವಿಭೂತಿಯ ಕೈಯನ್ನು ನನ್ನತ್ತ ಚಾಚುತ್ತಾಳೆ. ಈಗ ಬೇಡ ಎನ್ನುವವರಿಲ್ಲ. ಕಿವಿ ಬಿಟ್ಟು ನೇರ ಹಣೆಗೇ ಹಚ್ಚುತ್ತಾಳೆ. ಅಷ್ಟು ನೆರಳಿಗೆ ನನ್ನ ಕರೆಂಟು ಚೂರು ಕಡಿಮೆಯಾಗುತ್ತದೆ. ಆಗಲಿ.